ಸಾಂದರ್ಭಿಕ ಚಿತ್ರ

ಅಪ್ಪ ಟ್ರಂಕಿನ ತಳದಿಂದ ಮನೆಯ ಉತಾರ ತೆಗೆದು ಚಾಪೆಯ ಮೇಲಿಟ್ಟ. ಅದರ ಬೆನ್ನಿಗೇ ನಗರಸಭೆಗೆ ಕರ ತುಂಬಿದ ಪಾವತಿಗಳ ಕಟ್ಟು, ಅಜ್ಜನ ಹೆಬ್ಬೆಟ್ಟಿರುವ ವಾಟ್ನಿ ಪತ್ರ. ಬೆಟಗೇರಿಯ ನಮ್ಮ ಎರಡಂಕಣದ ಮನೆ ಕಾಗದದಲ್ಲಿ ಇದ್ದದ್ದು ಅಷ್ಟೇ.

"ಹೊಲದ್ದು ಬ್ಯಾಡಂತೇನು?" ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು.

"ಬ್ಯಾಡಂತ. ಮನೀದು ತರ್ರಿ ಅಂದಾರ," ಅಂದೆ.

ಅದು 2023ರ ಮೇ ತಿಂಗಳು. ಲಂಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಫೋಟೋ ಪತ್ರಿಕೋದ್ಯಮದ ಎಂ.ಎ.ಗೆ ನನಗೆ ಸೀಟು ಸಿಕ್ಕಿತ್ತು. ಒಂದು ವರ್ಷದ ಕೋರ್ಸು. ಫೀ, ಇರಲು ಜಾಗ, ಊಟ, ವೀಸಾ, ವಿಮಾನ ಎಲ್ಲ ಕೂಡಿಸಿ ನೋಡಿದರೆ ನನ್ನ ಲೆಕ್ಕ 38 ಲಕ್ಷಕ್ಕೆ ಬಂದು ನಿಲ್ಲುತ್ತಿತ್ತು. ಬ್ರಿಟನ್ ಸರ್ಕಾರ ಕೊಡುವ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ, ಸಂದರ್ಶನದವರೆಗೂ ಹೋಗಲಿಲ್ಲ. ಇನ್ನು ಉಳಿದದ್ದು ಸಾಲ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ನಮಗೆ ಮೂರು ಎಕರೆ ಎರೆಹೊಲ ಇದೆ. ಆದರೆ ಬಾಕಿ ಉಳಿಸಿಕೊಂಡವರ ಆಸ್ತಿಯನ್ನು ಕೋರ್ಟಿಗೆ ಹೋಗದೆ ಬ್ಯಾಂಕು ವಶಕ್ಕೆ ತೆಗೆದುಕೊಳ್ಳಲು ಅನುಕೂಲ ಮಾಡಿಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಹೊಲ ಅಂದರೆ ಮ್ಯಾನೇಜರ್ ಮುಖ ಸಣ್ಣದಾಗುತ್ತದೆ, ಮನೆ ಅಂದರೆ ಅರಳುತ್ತದೆ. ಹೊಲ ಇಟ್ಟು ಮಗಳನ್ನು ಓದಿಸುವುದು ಅಪ್ಪನಿಗೆ ಒಗ್ಗುವ ಮಾತಾಗಿತ್ತು. ಮನೆ ಇಡುವುದು ಬೇರೆ.

ಅಪ್ಪ ಏನೂ ಅನ್ನಲಿಲ್ಲ. ಉತಾರವನ್ನು ಅಂಗೈಯಿಂದ ಸವರಿ ಮಡಿಕೆ ನೆಟ್ಟಗೆ ಮಾಡುತ್ತಾ ಕೂತ.

*

ನಾನು ಗದಗಿನಲ್ಲಿ ಸ್ಟ್ರಿಂಗರ್. ಈ ಪದದ ಅರ್ಥ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಸಂಬಳವಿಲ್ಲ, ರಜೆಯಿಲ್ಲ, ಫೋಟೋ ಅಚ್ಚಾದರೆ ದುಡ್ಡು, ಆಗದಿದ್ದರೆ ಪೆಟ್ರೋಲು ನನ್ನದೇ. ಆಗ ಒಂದು ಫೋಟೋಗೆ 250 ರೂಪಾಯಿ ಸಿಗುತ್ತಿತ್ತು. ತಿಂಗಳಿಗೆ ಏಳೆಂಟು ಸಾವಿರವಾದರೆ ಅದು ಒಳ್ಳೆಯ ತಿಂಗಳು. ಹೊಟ್ಟೆ ತುಂಬಿಸುತ್ತಿದ್ದದ್ದು ಮದುವೆಗಳು. ಕಪ್ಪತಗುಡ್ಡದ ಗಾಳಿಯಂತ್ರಗಳ ಮುಂದೆ ಮದುಮಕ್ಕಳನ್ನು ಓಡಿಸಿ ತೆಗೆಯುವ ಪ್ರೀ-ವೆಡ್ಡಿಂಗ್ ಫೋಟೋ, ಅಕ್ಕಿಕಾಳಿನ ಹೊತ್ತಿನ ವಿಡಿಯೋ, ಕೊನೆಗೆ ಕರಿಜ್ಮಾ ಆಲ್ಬಂ. ಮದುವೆಯ ಸೀಜನ್ನು, ಖಾಲಿ ತಿಂಗಳು ಎರಡನ್ನೂ ಸೇರಿಸಿ ಹಂಚಿದರೆ ತಿಂಗಳಿಗೆ 25 ಸಾವಿರದ ಆಸುಪಾಸು.

38 ಲಕ್ಷದ ಸಾಲಕ್ಕೆ, ಓದು ಮುಗಿದು ಒಂದು ವರ್ಷದ ಬಿಡುವು ಕಳೆದ ಮೇಲೆ, ಹತ್ತು ವರ್ಷದ ಕಂತು ತಿಂಗಳಿಗೆ 50 ಸಾವಿರ ದಾಟುತ್ತಿತ್ತು. ಬಿಡುವಿನ ಕಾಲದಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನನ್ನ ಇಡೀ ದುಡಿಮೆಯ ಎರಡರಷ್ಟು ಕಂತು. ಈ ಲೆಕ್ಕ ಮಾಡಲು ಎಂ.ಎ. ಬೇಕಿಲ್ಲ. ಆದರೂ ನಾನು ಅರ್ಜಿ ಹಾಕಿದ್ದೆ, ಸೀಟು ಸಿಕ್ಕಾಗ ಕುಣಿದಾಡಿದ್ದೆ. ಯಾಕೆ ಅನ್ನುವುದನ್ನು ಹೇಳದಿದ್ದರೆ ಈ ಬರಹ ಬರೀ ಬಡ್ಡಿ ಲೆಕ್ಕವಾಗುತ್ತದೆ.

ಕೇಳಿದವರೆಲ್ಲ ಎರಡು ಗುಂಪಾಗಿದ್ದರು. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಪತ್ರಿಕಾ ಛಾಯಾಗ್ರಾಹಕರಾಗಿ ದುಡಿದ ಹಿರಿಯರೊಬ್ಬರನ್ನು ನಾವೆಲ್ಲ ಅಣ್ಣಾ ಅನ್ನುತ್ತೇವೆ. ಅವರು ನಕ್ಕುಬಿಟ್ಟರು. "ಲಾಠಿ ಏಟು ಬೀಳೂ ಹೊತ್ತಿನ್ಯಾಗ ಎಲ್ಲಿ ನಿಂದ್ರಬೇಕು ಅಂತ ಯಾವ ಕಾಲೇಜಿನ್ಯಾಗ ಕಲಸ್ತಾರವ್ವಾ? ಆ ದುಡ್ಡಿನ್ಯಾಗ ಹತ್ತು ಕ್ಯಾಮೆರಾ ಬರ್ತಾವ." ನನ್ನ ಜೊತೆ ಡಿಗ್ರಿ ಓದಿ, ಆಮೇಲೆ ಹೊರಗೆ ಹೋಗಿ ಪತ್ರಿಕೋದ್ಯಮ ಓದಿ ಬಂದ ಗೆಳತಿ ಬೇರೆ ಮಾತು ಹೇಳಿದಳು. "ಅಲ್ಲಿ ಕ್ಯಾಮೆರಾ ಬಗ್ಗೆ ನಾ ಹೊಸದೇನೂ ಕಲೀಲಿಲ್ಲ. ಆದ್ರ ವಾರಕ್ಕೊಮ್ಮೆ ಹನ್ನೆರಡು ಮಂದಿ ಮುಂದ ನನ್ನ ಫೋಟೋ ಇಟ್ಟು, ಇದು ಯಾಕ ಸುಳ್ಳು ಅಂತ ಕೇಳ್ತಿದ್ರು. ಮನಿಗೆ ಬಂದು ಅತ್ತೀನಿ. ಅಷ್ಟ ನನಗ ಸಿಕ್ಕಿದ್ದು. ಅದು ಸಣ್ಣದಲ್ಲ."

ಪುಸ್ತಕ, ಇಂಟರ್ನೆಟ್ಟು ಹುಡುಕಿದರೂ ಇದೇ ಕತೆ. ಮೈಸೂರಿನ ಟಿ.ಎಸ್. ಸತ್ಯನ್ ಫೋಟೋ ಶಾಲೆಯ ಮೆಟ್ಟಿಲು ಹತ್ತದೆಯೇ ಲೈಫ್ ಪತ್ರಿಕೆಯವರೆಗೆ ಹೋದವರು, 1977ರಲ್ಲಿ ಪದ್ಮಶ್ರೀ ಪಡೆದವರು. ರಘು ರಾಯ್ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಇವರನ್ನು ಮುಂದಿಟ್ಟುಕೊಂಡು ಓದು ಬೇಡ ಅನ್ನಬಹುದು. ಇನ್ನೊಂದು ಕಡೆ, ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಮುಂಬಯಿಯ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತವರು. ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ರಾಯಿಟರ್ಸ್ ತಂಡಕ್ಕೆ ಬಂದ ಪುಲಿಟ್ಜರ್‌ನಲ್ಲಿ ಪಾಲಿದ್ದ ಡ್ಯಾನಿಶ್ ಸಿದ್ದಿಕಿ ದೆಹಲಿಯ ಜಾಮಿಯಾ ಮಿಲಿಯಾದಲ್ಲಿ ಸಮೂಹ ಸಂವಹನದ ಸ್ನಾತಕೋತ್ತರ ಪದವಿ ಪಡೆದವರು. 2021ರ ಜುಲೈನಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಕೆಲಸದ ಮೇಲಿದ್ದಾಗಲೇ ಅವರು ಸತ್ತ ಸುದ್ದಿ ಬಂದ ರಾತ್ರಿ ನಾನು ಅವರ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದೆ. ಪುರಾವೆ ಹುಡುಕಿದವರಿಗೆ ಎರಡೂ ಕಡೆ ಪುರಾವೆ ಸಿಗುತ್ತದೆ. ದೊಡ್ಡವರ ಜೀವನದಿಂದ ನಮ್ಮ ಮನೆಯ ಉತಾರದ ತೀರ್ಮಾನ ಹೊರಡುವುದಿಲ್ಲ.

ನನಗೆ ಓದು ಬೇಕು ಅನ್ನಿಸಿದ್ದು ಇವರ್ಯಾರಿಂದಲೂ ಅಲ್ಲ. ನನ್ನದೇ ಒಂದು ಫೋಟೋದಿಂದ.

*

2019ರ ಆಗಸ್ಟ್ ತಿಂಗಳ ಮೊದಲ ಹತ್ತು ದಿನ ಉತ್ತರ ಕರ್ನಾಟಕದವರಿಗೆ ಮರೆಯುವುದಿಲ್ಲ. ನವಿಲುತೀರ್ಥದ ಜಲಾಶಯದಿಂದ ನೀರು ಬಿಟ್ಟರು, ಮಲಪ್ರಭೆ ದಂಡೆ ಮೀರಿತು. ನರಗುಂದ ತಾಲ್ಲೂಕಿನ ಹೊಳೆಸಾಲಿನ ಊರುಗಳು ನೀರಲ್ಲಿ ನಿಂತವು. ಕೊಣ್ಣೂರಿನ ಹತ್ತಿರ ಹೆದ್ದಾರಿಯೇ ಬಂದ್ ಆಯಿತು. ನನಗೆ ಆಗ 22 ವರ್ಷ. ಕ್ಯಾಮೆರಾ ಕೊಂಡು ಎಂಟು ತಿಂಗಳಾಗಿತ್ತು, ಅದರ ಕಂತೇ ಇನ್ನೂ ಮುಗಿದಿರಲಿಲ್ಲ.

ಒಂದು ಶಾಲೆಯಲ್ಲಿ ಪರಿಹಾರ ಕೇಂದ್ರ ತೆರೆದಿದ್ದರು. ಬೇರೆ ಊರುಗಳಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಗಂಟು, ಶೇಂಗಾ ಚಟ್ನಿ ಬರುತ್ತಿದ್ದವು. ವರಾಂಡದ ತುಂಬ ಜನ. ಆ ಗದ್ದಲದಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ತಲೆಯ ಮೇಲೆ ಒದ್ದೆ ಸೆರಗು, ಜನರ ತಲೆಗಳ ಮೇಲಿಂದ ಕೈ ಚಾಚಿದ್ದರು. ಕಿಟಕಿಯ ಬೆಳಕು ನೇರ ಆ ಅಂಗೈಗೆ ಬಿದ್ದಿತ್ತು. ಮೂರು ಫೋಟೋ ತೆಗೆದೆ. ಎರಡನೆಯದು ಚೆನ್ನಾಗಿತ್ತು. ನೆಟ್‌ವರ್ಕ್ ಸಿಗುವ ದಿಬ್ಬಕ್ಕೆ ಓಡಿ ಹೋಗಿ ಕಳಿಸಿದೆ. ಫೈಲಿಗೆ ಇಟ್ಟ ಹೆಸರು 'ನರಗುಂದ ನೆರೆ 14'. ಅಷ್ಟೇ ಬರೆದದ್ದು. ಅವರ ಹೆಸರು ಕೇಳಲಿಲ್ಲ. ಅವರು ಏನು ಮಾಡುತ್ತಿದ್ದಾರೆ ಎಂದೂ ಬರೆಯಲಿಲ್ಲ. ಕಂಡೇ ಕಾಣುತ್ತದಲ್ಲ ಅಂದುಕೊಂಡೆ.

ಮರುದಿನ ಪತ್ರಿಕೆಯಲ್ಲಿ ನಾಲ್ಕು ಕಾಲಂ ಬಂತು. ಅಗಲ ಸಾಲದೆ ಬಲಗಡೆ ಸ್ವಲ್ಪ ಕತ್ತರಿಸಿದ್ದರು. ಕೆಳಗೆ, ತುತ್ತು ಅನ್ನಕ್ಕಾಗಿ ಕೈಚಾಚಿದ ಸಂತ್ರಸ್ತೆ ಎಂಬ ಅರ್ಥದ ಒಂದು ಸಾಲು. ನನ್ನ ಹೆಸರು ಸಣ್ಣಕ್ಷರದಲ್ಲಿ. ಆ ಪುಟವನ್ನು ಅವ್ವ ದೇವರ ಕೋಣೆಯಲ್ಲಿ ಇಟ್ಟಳು. ಎಷ್ಟೋ ಜನ ಫೋನ್ ಮಾಡಿದರು. ಫೋಟೋ ನೋಡಿಯೇ ಜನ ಅಕ್ಕಿ, ಬಟ್ಟೆ ಕಳಿಸಿದರು ಎಂದು ಯಾರೋ ಹೇಳಿದಾಗ ಎದೆಯುಬ್ಬಿತು.

ಮರು ವರ್ಷ ಅಕ್ಟೋಬರಿನಲ್ಲಿ ಭೀಮೆ ಉಕ್ಕಿತು. ಪರಿಹಾರ ತಡವಾದ ಸುದ್ದಿಯ ಪಕ್ಕ ಅದೇ ಫೋಟೋ ಬಂತು. ಈ ಸಲ ಕೆಳಗೆ ಊರೂ ಇಲ್ಲ, ನದಿಯೂ ಇಲ್ಲ. ಎರಡೇ ಪದ: ಸಾಂದರ್ಭಿಕ ಚಿತ್ರ. ಆಮೇಲೆ ಇನ್ನೊಮ್ಮೆ, ಬರದ ಲೇಖನದ ಜೊತೆ. ಮತ್ತೊಮ್ಮೆ ಪಡಿತರದ ಬಗ್ಗೆ. ಮರುಬಳಕೆಗೆ ನನಗೆ ದುಡ್ಡೇನೂ ಬರುತ್ತಿರಲಿಲ್ಲ. ಆದರೂ, ಮುಚ್ಚಿಡುವುದೇಕೆ, ಪ್ರತಿ ಸಲ ಖುಷಿಯಾಗುತ್ತಿತ್ತು. ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಳ್ಳುತ್ತಿದ್ದೆ. ನನ್ನ ಫೋಟೋ ಯಾವ ಸಂದರ್ಭಕ್ಕೂ ಹೊಂದುತ್ತದೆ ಎಂದರೆ ಅದು ದೊಡ್ಡ ಫೋಟೋ ಎಂದೇ ತಿಳಿದಿದ್ದೆ.

ಎಂ.ಎ. ಅರ್ಜಿಯಲ್ಲಿ 20 ಫೋಟೋ ಕೇಳಿದ್ದರು. ಪ್ರತಿ ಫೋಟೋಗೆ ಅಡಿಬರಹ ಬೇಕು: ಯಾರು, ಎಲ್ಲಿ, ಯಾವಾಗ, ಏನು ನಡೆಯುತ್ತಿದೆ, ಚಿತ್ರದಲ್ಲಿರುವವರಿಗೆ ಇದು ಗೊತ್ತೇ. ಮೊದಲ ಜಾಗಕ್ಕೆ ನಾನು ಇಟ್ಟದ್ದು ಅದೇ ಫೋಟೋ. 'ಯಾರು' ಎಂಬಲ್ಲಿ ಕರ್ಸರ್ ಮಿಣುಕುತ್ತಲೇ ಇತ್ತು. ಮೂರೂವರೆ ವರ್ಷ ನನಗೆ ಹೆಸರು ತಂದುಕೊಟ್ಟವರ ಹೆಸರು ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಡೊರೊಥಿಯಾ ಲ್ಯಾಂಗ್ ನೆನಪಾದಳು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ ಮಕ್ಕಳ ನಡುವೆ ಕೂತ ತಾಯಿಯ ಚಿತ್ರ ತೆಗೆದವಳು. 'ಮೈಗ್ರಂಟ್ ಮದರ್' ಎಂದು ಜಗತ್ತಿಗೇ ಗೊತ್ತಾದ ಆ ಚಿತ್ರ ತೆಗೆಯುವಾಗ ಲ್ಯಾಂಗ್ ಆ ತಾಯಿಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಹೊರಬಿದ್ದದ್ದು 1978ರಲ್ಲಿ, ಒಬ್ಬ ವರದಿಗಾರ ಆಕೆಯನ್ನು ಹುಡುಕಿದ ಮೇಲೆ. ಆ ಚಿತ್ರದಿಂದ ತನಗೇನೂ ಸಿಗಲಿಲ್ಲ ಎಂಬ ಬೇಸರ ಆಕೆಗಿತ್ತು. ಇದನ್ನು ನಾನು ಡಿಗ್ರಿಯಲ್ಲಿ ಪರೀಕ್ಷೆಗಾಗಿ ಓದಿ ಮಾರ್ಕ್ಸು ತೆಗೆದುಕೊಂಡಿದ್ದೆ. ನನ್ನ ಫೋಟೋಗೂ ಅದಕ್ಕೂ ಸಂಬಂಧವಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

*

2023ರ ಜನವರಿಯಲ್ಲಿ, ಎಳ್ಳಮಾಸಿ ಕಳೆದು ಜೋಳ ಹಾಲುಗಟ್ಟುವ ಹೊತ್ತಿನಲ್ಲಿ, ಸ್ಕೂಟಿ ತೆಗೆದುಕೊಂಡು ಹೋದೆ. ಫೋನಿನಲ್ಲಿ ಫೋಟೋ ತೋರಿಸುತ್ತಾ ಕೇಳಿದೆ. ಎರಡನೇ ಊರಿನಲ್ಲೇ ಒಬ್ಬ ಹುಡುಗ, "ಇವ್ರು ನಮ್ಮ ದೊಡ್ಡವ್ವ," ಎಂದು ಕರೆದುಕೊಂಡು ಹೋದ.

ಅರ್ಧ ಕಟ್ಟಿದ ಮನೆ. ಗೋಡೆಗೆ ಗಿಲಾವು ಇನ್ನೂ ಆಗಿರಲಿಲ್ಲ. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸುವಾಗ ತಮ್ಮದನ್ನು ಯಾವುದಕ್ಕೆ ಸೇರಿಸಿದರು, ಅದಕ್ಕಾಗಿ ಎಷ್ಟು ಸಲ ತಿರುಗಿದರು ಎಂಬುದನ್ನೇ ಅವರು ಮೊದಲು ಹೇಳಿದರು. ನಾನು ಸರ್ವೇಗೆ ಬಂದವಳೆಂದು ತಿಳಿದಿದ್ದರು. ಫೋಟೋ ತೋರಿಸಿದೆ. ಫೋನನ್ನು ದೂರ ಹಿಡಿದು ನೋಡಿದರು. ಮುಖ ಗಂಟಾಯಿತು.

"ಇದನ್ನ ತಗದಾಕಿ ನೀ ಏನು?"

ಹೌದೆಂದೆ.

"ನಾ ಕೊಡಾಕತ್ತಿದ್ದೆ ತಂಗಿ. ಬೇಡಾಕತ್ತಿದ್ದಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವತ್ತು ಬೆಳಿಗ್ಗೆ ಬಂದ ರೊಟ್ಟಿ ಗಂಟಿಗೆ ಜನ ಮುಗಿಬಿದ್ದು ಅರ್ಧ ರೊಟ್ಟಿ ನೆಲಕ್ಕೆ ಬಿದ್ದಿದ್ದವಂತೆ. ಅದನ್ನು ನೋಡಲಾರದೆ ಇವರು ಎರಡನೇ ಗಂಟಿನ ಮುಂದೆ ತಾವೇ ನಿಂತರಂತೆ. ಮನೆಗೆ ಎರಡು, ಬಾಣಂತಿಯರಿಗೆ ಮೂರು. "ನೂರಾ ಎಂಬತ್ತು ರೊಟ್ಟಿ ಹಂಚೀನಿ ಅವತ್ತ. ಎಣಿಸಿ ಹಂಚೀನಿ. ನಾ ಉಂಡಿದ್ದು ಸಂಜೀಕ."

ಕತ್ತರಿಸದ ಮೂಲ ಫೋಟೋ ನನ್ನ ಫೋನಿನಲ್ಲೇ ಇತ್ತು. ತೆರೆದು ದೊಡ್ಡದು ಮಾಡಿದೆ. ಬಲಗಡೆಯ ಅಂಚಿನಲ್ಲಿ ಒಬ್ಬ ಹುಡುಗ, ಅವನ ಎರಡೂ ಕೈಯಲ್ಲಿ ರೊಟ್ಟಿ. ಅದು ಅದೇ ತಾನೇ ಇವರ ಅಂಗೈಯಿಂದ ಜಾರಿ ಅವನ ಕೈ ಸೇರಿತ್ತು. ಇಷ್ಟು ವರ್ಷ ನಾನು ಆ ಬೆಳಕು ನೋಡಿದ್ದೆ, ಅಂಗೈ ನೋಡಿದ್ದೆ. ಅಂಚು ನೋಡಿರಲಿಲ್ಲ.

"ಹಾಂ, ಇವ. ಇವ ಎರಡು ಸಲ ಪಾಳಿಗೆ ನಿಂತಿದ್ದ ಕಳ್ಳ," ಅಂದರು. ಮೊದಲ ಸಲ ನಕ್ಕರು. ಆಮೇಲೆ ನಗು ಆರಿತು. ಪೇಪರು ನೋಡಿದ ಅವರ ಅಣ್ಣ ಮರುದಿನವೇ ಎರಡು ಚೀಲ ಜೋಳ ಹೊತ್ತುಕೊಂಡು ಬಂದಿದ್ದನಂತೆ. ಜೋಳ ಇಳಿಸಿ, ನಾವೇನು ಸತ್ತಿದ್ದೆವಾ, ಪೇಪರಿನಲ್ಲಿ ಕೈ ಒಡ್ಡಲಿಕ್ಕೆ ಎಂದು ಜನರ ಮುಂದೆ ಕೂಗಾಡಿ ಹೋದನಂತೆ. ಇವರು ಎಷ್ಟು ಹೇಳಿದರೂ ನಂಬಲಿಲ್ಲ. ಫೋಟೋ ಇತ್ತಲ್ಲ. "ಬಾಯಿಲೆ ಹೇಳಿದ್ದ ನಂಬತಾರೋ, ಪೇಪರಿನ್ಯಾಗ ಬಂದಿದ್ದ ನಂಬತಾರೋ, ನೀನ ಹೇಳು."

ನಾನು ಏನು ಹೇಳಲಿ? ಡೆಸ್ಕಿನವರು ಅಡಿಬರಹ ತಪ್ಪು ಹಾಕಿದರು, ಅಂಚು ಕತ್ತರಿಸಿದರು ಎಂಬುದು ನಿಜ. ಆದರೆ ಬರೆದು ಕಳಿಸಬೇಕಾದವಳು ನಾನು. ನಾನು ಕಳಿಸಿದ್ದು 'ನೆರೆ 14'. ಏನೂ ಬರೆಯದೆ ಬಿಟ್ಟ ಜಾಗದಲ್ಲಿ ಅವರು ತಮಗೆ ತೋಚಿದ್ದನ್ನು ಬರೆದರು. ನೆರೆ, ಹೆಂಗಸು, ಚಾಚಿದ ಕೈ ಎಂದರೆ ಯಾರಿಗಾದರೂ ಏನು ತೋಚುತ್ತದೋ ಅದೇ ಅವರಿಗೂ ತೋಚಿತು. ನನಗೂ ಅದೇ ತೋಚಿತ್ತಲ್ಲ.

ಹೆಸರು ಕೇಳಿದೆ. ತಮ್ಮ ಹೆಸರು, ಗಂಡನ ಹೆಸರು, ತವರಿನ ಅಡ್ಡಹೆಸರು ಎಲ್ಲ ಹೇಳಿ ಬರೆದುಕೋ ಎಂದರು. "ಆದ್ರ ಪೇಪರಿನ್ಯಾಗ ಹಾಕಬ್ಯಾಡ. ಆದದ್ದು ಸಾಕಾಗೇತಿ. ಆ ಕಾಲೇಜಿನವ್ರಿಗೆ ತೋರಸ್ತೀಯಲಾ, ಅವ್ರಿಗೆ ಬೇಕಾದ್ರ ಹೇಳು, ನಾ ಕೊಡಾಕತ್ತಿದ್ದೆ ಅಂತ."

ಅದಕ್ಕೇ ಈ ಬರಹದಲ್ಲೂ ಅವರ ಹೆಸರಿಲ್ಲ. ಗೊತ್ತಿಲ್ಲದೆ ಬಿಡುವುದು ಬೇರೆ, ಗೊತ್ತಿದ್ದು ಅವರ ಮಾತಿನಂತೆ ಬಿಡುವುದು ಬೇರೆ ಎಂದು ಅವತ್ತು ಕಲಿತೆ.

*

ಈಗ ನನ್ನ ಗೊಂದಲ ನಿಮಗೂ ಅರ್ಥವಾಗಬಹುದು. ಆ ಅರ್ಜಿ ಬರದಿದ್ದರೆ ನಾನು ಆ ಮನೆಗೆ ಹೋಗುತ್ತಲೇ ಇರಲಿಲ್ಲ. ಕಾಲೇಜು ಒಂದು ಪೈಸೆ ಫೀ ಕಟ್ಟಿಸಿಕೊಳ್ಳದೆ, ಬರೀ ಒಂದು ಖಾಲಿ ಚೌಕಟ್ಟು ಮುಂದಿಟ್ಟು ಇಷ್ಟು ಕಲಿಸಿತು. ಹಾಗಾದರೆ ಒಂದು ವರ್ಷದಲ್ಲಿ ಎಷ್ಟು ಕಲಿಸಬಹುದು? ನನ್ನ ಕಣ್ಣಿಗೆ ಕಾಣದ ಅಂಚುಗಳು ಇನ್ನೆಷ್ಟಿವೆಯೋ? 38 ಲಕ್ಷ ಹೆಚ್ಚಾಯಿತು ಅನ್ನುವವರಿಗೆ ನಾನು ಮನಸ್ಸಿನಲ್ಲೇ ಕೊಡುತ್ತಿದ್ದ ಉತ್ತರ ಇದು. ಅಣ್ಣಾ ಹೇಳಿದಂತೆ ಬೀದಿಯೇ ಶಾಲೆ ಅನ್ನುವ ಮಾತಿನಲ್ಲಿ ನನಗೆ ಆಗಲೇ ನಂಬಿಕೆ ಹೋಗಿತ್ತು. ನಾಲ್ಕು ವರ್ಷ ಬೀದಿಯಲ್ಲೇ ಇದ್ದೆನಲ್ಲ. ಬೀದಿ ನನಗೆ ತಪ್ಪು ಎಂದು ಹೇಳಿರಲಿಲ್ಲ, ಶಭಾಷ್ ಎಂದಿತ್ತು.

ಮೇ ತಿಂಗಳ ಆ ರಾತ್ರಿ ಇದನ್ನೆಲ್ಲ ಅಪ್ಪನ ಮುಂದೆ ಹೇಳಿದೆ. ಆ ಫೋಟೋದ ಕತೆಯನ್ನು ಅಲ್ಲಿಯವರೆಗೆ ಮನೆಯಲ್ಲಿ ಹೇಳಿರಲಿಲ್ಲ. ದೇವರ ಕೋಣೆಯ ಪುಟ ಹಾಗೇ ಇತ್ತು.

ಅಪ್ಪ ಮೊಳೆ ಜೋಡಿಸುವ ಕಂಪಾಜಿಟರ್ ಆಗಿದ್ದವನು. ಗದಗ ಮುದ್ರಣಕ್ಕೆ ಹೆಸರಾದ ಊರು. ಅಕ್ಷರಕ್ಷರ ಆರಿಸಿ ಸ್ಟಿಕ್ಕಿನಲ್ಲಿ ಜೋಡಿಸುವ ಕೆಲಸ ಅವನದು. ಡಿಟಿಪಿ, ಆಫ್‌ಸೆಟ್ ಬಂದ ಮೇಲೆ ಅದೇ ಪ್ರೆಸ್ಸಿನಲ್ಲಿ ಬೈಂಡಿಂಗಿಗೆ ಕೂತ. ಶಾಲೆ ಕಲಿತದ್ದು ಏಳನೇ ಇಯತ್ತೆ. ಆದರೆ ಕಾಗದದ ಮೇಲೆ ಒಂದು ಒತ್ತು ತಪ್ಪಿದರೂ ಅವನ ಬೆರಳು ಅಲ್ಲಿ ನಿಲ್ಲುತ್ತದೆ.

ಬಹಳ ಹೊತ್ತು ಸುಮ್ಮನಿದ್ದು ಹೇಳಿದ. "ಮೊಳಿ ಜೋಡ್ಸೂವಾಗ ಅಕ್ಷರ ಎಲ್ಲಾ ಉಲ್ಟಾ ಇರ್ತಾವವ್ವಾ. ದಿನಾ ನೋಡಿ ನೋಡಿ ನಮಗ ಅವು ನೆಟ್ಟಗ ಕಾಣ್ತಿದ್ವು. ಅದಕ್ಕ ನಾ ಜೋಡಿಸಿದ ಗ್ಯಾಲಿ ತಪ್ಪು ನನಗ ಕಾಣ್ತಿದ್ದಿಲ್ಲ. ಪ್ರೂಫ್ ನೋಡೋರು ಬ್ಯಾರೇನ ಇರ್ತಿದ್ರು. ಅವ್ರೇನು ನನಗಿಂತ ಶ್ಯಾಣ್ಯಾರಲ್ಲ. ಅವ್ರು ಜೋಡಿಸಿದ್ದಲ್ಲಂತ ಅವ್ರಿಗೆ ಕಾಣ್ತಿತ್ತು, ಅಷ್ಟ."

ಆಮೇಲೆ ಕೇಳಿದ. "ನಿನಗ ಬೇಕಾಗಿದ್ದು ಪ್ರೂಫ್ ನೋಡೋರು. ಅವ್ರು ಅಲ್ಲಷ್ಟ ಇರ್ತಾರೇನು? ಅಲ್ಲಷ್ಟ ಇರ್ತಾರ ಅಂದ್ರ ಮನಿ ಇಡೋಣು. ನಾ ಇರೂತನಕ ಅದರ ಚಿಂತಿ ನನ್ನದು."

ಆ ಕೊನೆಯ ಮಾತು ಕೇಳಿ ನನಗೆ ಅಳು ಬಂತು. ಅವ್ವನಿಗೆ ಸಿಟ್ಟು ಬಂತು. "ನೀವು ಇಲ್ಲದ ಮ್ಯಾಲ ನಾ ಎಲ್ಲಿ ಇರ್ಲಿ?" ಎಂದಳು. ಆ ಪ್ರಶ್ನೆಯೂ ಸರಿಯೇ ಇತ್ತು.

*

ಮರುದಿನ ನೋಟ್‌ಬುಕ್ಕಿನಲ್ಲಿ, ಈ ಓದಿನಿಂದ ನನಗೆ ಸಿಗುವುದೇನು ಎಂದು ಬರೆದೆ. ನಾಲ್ಕು ಆಯಿತು. ತಪ್ಪು ಹೇಳುವವರು. ದುಡಿಮೆಯ ಚಿಂತೆಯಿಲ್ಲದ ಒಂದು ವರ್ಷ. ದೊಡ್ಡ ಪತ್ರಿಕೆ, ಏಜೆನ್ಸಿಗಳ ಸಂಪಾದಕರ ಪರಿಚಯ. ಕೊನೆಗೆ ಪದವಿ ಎಂಬ ಕಾಗದ.

ನಾಲ್ಕನೆಯದನ್ನು ಕೀಳಾಗಿ ನೋಡುವುದು ಸುಲಭ. ಆದರೆ ಮುಂದೆ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸಬೇಕೆಂದರೆ ಸ್ನಾತಕೋತ್ತರ ಪದವಿ ಬೇಕೇ ಬೇಕು, ಅದರ ಮೇಲೆ ಎನ್‌ಇಟಿಯೋ ಪಿಎಚ್.ಡಿಯೋ ಬೇಕು. ಫೋಟೋದಿಂದಲೇ ಬದುಕು ಸಾಗುತ್ತದೆ ಎಂಬ ಖಾತರಿ ಇಲ್ಲದ ಕಾಲದಲ್ಲಿ ಆ ಕಾಗದಕ್ಕೆ ಬೆಲೆಯಿದೆ. ಅದಕ್ಕೆ ಲಂಡನ್ನೇ ಆಗಬೇಕಿಲ್ಲ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಇದ್ದು ಪತ್ರಿಕೋದ್ಯಮದ ಎಂ.ಎ. ಮಾಡಬಹುದು. ಹತ್ತಿರದಲ್ಲೇ ಬೇರೆ ದಾರಿಗಳೂ ಇದ್ದವು. ಗಾಂಧಿನಗರದ ಎನ್‌ಐಡಿಯಲ್ಲಿ ಫೋಟೋಗ್ರಫಿ ಡಿಸೈನ್ ಇದೆ. ಢಾಕಾದಲ್ಲಿ ಶಾಹಿದುಲ್ ಆಲಂ 1998ರಲ್ಲಿ ಕಟ್ಟಿದ 'ಪಾಠಶಾಲಾ' ಇದೆ. ಇವನ್ನು ಮೊದಲೇ ಯಾಕೆ ನೋಡಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಫೋಟೋ ಜಗತ್ತು ಎಂದರೆ ಲಂಡನ್, ನ್ಯೂಯಾರ್ಕ್ ಎಂದು ನಾನೂ ಒಂದು ಸಾಂದರ್ಭಿಕ ಚಿತ್ರವನ್ನೇ ತಲೆಯಲ್ಲಿಟ್ಟುಕೊಂಡಿದ್ದೆ.

ಎರಡನೆಯದು, ಮೂರನೆಯದು ಇಲ್ಲಿ ಸಿಗುವುದಿಲ್ಲ. ಇದನ್ನು ನೇರವಾಗಿ ಹೇಳಬೇಕು. ಬೆಟಗೇರಿಯಲ್ಲಿ ಕೂತವಳಿಗೆ ಅಂತರರಾಷ್ಟ್ರೀಯ ಏಜೆನ್ಸಿಯ ಫೋಟೋ ಸಂಪಾದಕರು ಫೋನ್ ಮಾಡುವುದಿಲ್ಲ. ಮನೆಯಲ್ಲಿದ್ದುಕೊಂಡು ಒಂದು ವರ್ಷ ಮದುವೆ ಬಿಟ್ಟು ಒಂದೇ ಕತೆಯ ಹಿಂದೆ ಹೋಗುತ್ತೇನೆ ಎಂದರೆ ಗ್ಯಾಸ್ ಸಿಲಿಂಡರು ಬರುವುದಿಲ್ಲ.

ಉಳಿದದ್ದು ಮೊದಲನೆಯದು. ಅಪ್ಪನ ಪ್ರಶ್ನೆ. ಪ್ರೂಫ್ ನೋಡುವವರು ಅಲ್ಲಷ್ಟೇ ಇರುತ್ತಾರೆಯೇ? ನನ್ನ ಆ ಫೋಟೋದ ಪ್ರೂಫನ್ನು ನೋಡಿದ್ದು ಯಾವ ಪ್ರಾಧ್ಯಾಪಕರೂ ಅಲ್ಲ. ಗಿಲಾವಿಲ್ಲದ ಗೋಡೆಗೆ ಒರಗಿ, ಫೋನು ದೂರ ಹಿಡಿದು, ಒಂದೇ ಸಾಲಿನಲ್ಲಿ ತಿದ್ದಿದವರು ಅವರು. ನಾಲ್ಕು ವರ್ಷದಲ್ಲಿ ನಾನು ತೆಗೆದ ಸಾವಿರಾರು ಮುಖಗಳಲ್ಲಿ ಎಷ್ಟು ಜನಕ್ಕೆ ಅವರ ಫೋಟೋ ತಿರುಗಿ ತೋರಿಸಿದ್ದೆ? ಎಣಿಸಿದರೆ ಹತ್ತು ದಾಟಲಿಲ್ಲ. ಊರಲ್ಲೇ ಇದ್ದ ಪ್ರೂಫ್ ರೀಡರುಗಳನ್ನು ನೋಡದೆ ಸಮುದ್ರದಾಚೆ ಹುಡುಕಲು ಹೊರಟಿದ್ದೆ.

ಇನ್ನೂ ಎರಡು ದಿನ ತೂಗಿದೆ. ಮೂರನೇ ದಿನ ಬರಲಾಗುವುದಿಲ್ಲ ಎಂದು ಕಾಲೇಜಿಗೆ ಬರೆದೆ. ಉತಾರ ಟ್ರಂಕಿಗೆ ಹೋಯಿತು.

*

ಈಗ ತಿಂಗಳ ಮೂರನೇ ಭಾನುವಾರ ಹುಬ್ಬಳ್ಳಿಯ ಗೆಳೆಯನೊಬ್ಬನ ಸ್ಟುಡಿಯೋದಲ್ಲಿ ನಾವು ಐದು ಜನ ಸೇರುತ್ತೇವೆ. ಇಬ್ಬರು ಸ್ಟ್ರಿಂಗರುಗಳು, ಇಬ್ಬರು ಮದುವೆಯವರು, ಹೊರಗೆ ಓದಿ ಬಂದ ಆ ಗೆಳತಿ. ಅವಳು ಅಲ್ಲಿ ಕಲಿತ ಪದ್ಧತಿಯನ್ನೇ ನಮಗೂ ಹಾಕಿಕೊಟ್ಟಳು. ಪ್ರತಿಯೊಬ್ಬರೂ ಹತ್ತು ಫೋಟೋ ತರಬೇಕು. ಮೊದಲು ಅಡಿಬರಹ ಗಟ್ಟಿಯಾಗಿ ಓದಬೇಕು, ಆಮೇಲೆ ಫೋಟೋ ತೋರಿಸಬೇಕು. ಇವರ ಹೆಸರೇನು, ಇವರಿಗೆ ಇದು ಗೊತ್ತಾ, ಅಂಚಿನಾಚೆ ಏನಿತ್ತು ಎಂದು ಯಾರಾದರೂ ಕೇಳಿದಾಗ ಉತ್ತರ ಇಲ್ಲದಿದ್ದರೆ ಆ ಫೋಟೋ ಪಕ್ಕಕ್ಕೆ. ಮೊದಲ ತಿಂಗಳು ನನ್ನ ಹತ್ತರಲ್ಲಿ ಆರು ಪಕ್ಕಕ್ಕೆ ಹೋದವು. ಅಣ್ಣಾ ಒಮ್ಮೆ ಚಹಾ ಕುಡಿಯಲು ಬಂದವರು ಅಲ್ಲೇ ಕೂತರು. ತಮ್ಮ ಹಳೆಯ ಫೋಟೋಗಳಲ್ಲಿ ಎಷ್ಟು ಜನರ ಹೆಸರು ಗೊತ್ತಿಲ್ಲ ಎಂದು ಲೆಕ್ಕ ಹಾಕಿ ಸುಮ್ಮನಾದರು.

ಗಮನಿಸಿ, ಆ ಪದ್ಧತಿ ಬಂದದ್ದು ಒಬ್ಬಳು ಕಾಲೇಜಿಗೆ ಹೋಗಿ ಬಂದದ್ದರಿಂದ. ಆದ್ದರಿಂದ ಹೋಗಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ವಿದ್ಯಾರ್ಥಿವೇತನ ಸಿಕ್ಕವರು, ಇಡಲು ಒಂದೇ ಮನೆ ಇಲ್ಲದವರು ಖಂಡಿತ ಹೋಗಲಿ, ಬಂದು ನಮಗೆ ಕಲಿಸಲಿ. ನನ್ನ ಜೊತೆ ಸೀಟು ಸಿಕ್ಕಿದ್ದ ಹುಡುಗಿಯೊಬ್ಬಳ ಫೋಟೋಗಳು ಈಗ ದೊಡ್ಡ ದೊಡ್ಡ ಕಡೆ ಬರುತ್ತಿವೆ. ನೋಡಿದಾಗ ಹೊಟ್ಟೆಯಲ್ಲಿ ಏನೋ ಹಿಂಡುತ್ತದೆ. ನಾಲ್ಕರಲ್ಲಿ ಎರಡು ನನಗೆ ಸಿಗಲಿಲ್ಲ ಎಂಬುದು ಗೊತ್ತಿದೆ. ಮುಕ್ತ ವಿಶ್ವವಿದ್ಯಾಲಯದ ಪುಸ್ತಕಗಳನ್ನು ಮದುವೆ ಮುಗಿಸಿ ಬಂದ ರಾತ್ರಿಗಳಲ್ಲಿ ಓದಿದೆ. ಅರ್ಜಿ ಹಾಕುವವರಿಗೆ ಒಂದೇ ಮಾತು: ಫೀ ಎಷ್ಟು ಎಂದು ನೋಡುವ ಮೊದಲು ಅಲ್ಲಿ ಏನು ಕಲಿಯಬೇಕೆಂದಿದ್ದೀರೋ ಅದನ್ನು ಒಂದು ಸಾಲಿನಲ್ಲಿ ಬರೆದು ಮನೆಯವರಿಗೆ ತೋರಿಸಿ. ಬರೆಯಲು ಬಂದರೆ ಅರ್ಧ ತೀರ್ಮಾನ ಆದಂತೆ.

ಪತ್ರಿಕೆಗೆ ಬರೆದು ಆ ಫೋಟೋದ ಅಡಿಬರಹ ತಿದ್ದಿ, ಮತ್ತೆ ಬಳಸಬೇಡಿ ಎಂದು ಕೇಳಿಕೊಂಡೆ. ಆಯಿತು ಎಂದು ಒಂದು ಸಾಲಿನ ಉತ್ತರ ಬಂತು. ದೇವರ ಕೋಣೆಯ ಪುಟವನ್ನು ಅವ್ವನೇ ತೆಗೆದಳು. ಕತ್ತರಿಸದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕೆಳಗೆ ಅವರ ಹೆಸರು, ಊರು, ತಾರೀಕು, ರೊಟ್ಟಿ ಹಂಚುತ್ತಿರುವುದು ಎಂದು ಬರೆಸಿದೆ. ಅಪ್ಪ ಪ್ರೂಫ್ ನೋಡಿ ಒಂದು ದೀರ್ಘ ತಿದ್ದಿದ. ತೆಗೆದುಕೊಂಡು ಹೋಗಿ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಗೋಡೆಗೆ ಹಾಕುತ್ತಾರೆಂದು ನಾನು ಅಂದುಕೊಂಡಿದ್ದೆ. ಹಾಕಲಿಲ್ಲ. ರೇಷನ್ ಕಾರ್ಡು, ಮನೆಯ ಕಾಗದಗಳಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಮಡಚದೆ ಇಟ್ಟರು. "ಅಣ್ಣ ಬಂದಾಗ ತೋರಸ್ತೀನಿ," ಅಂದರು.

ಮಳೆಗಾಲ ಶುರುವಾದರೆ ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಪತ್ರಿಕೆಯ ಪುಟಗಳನ್ನೆಲ್ಲ ತಿರುವಿ ನೋಡುತ್ತೇನೆ, ಆ ಕೈ ಮತ್ತೆ ಎಲ್ಲಾದರೂ ಬಂದಿದೆಯೇ ಎಂದು.